ಮೂವತ್ಮೂರು ಗ್ರಾಂ ಗಾಳಿ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಎಲ್ಲ ಊರಲ್ಲೂ ಇರುತ್ತಾರೆ. ರಘೋತ್ತಮ ಆ ಮೂರು ಕಾಲನ್ನೂ ತೂಗಿ, ಬರೆದು, ಕೆಳಗೆ ಸಹಿ ಹಾಕಿ ಕೊಡುವವರ ಪೈಕಿ. ನಾಶಿಕದ ಪಕ್ಕದ ಓಝರ್ ಊರಿನ ವಿಮಾನ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ವಿಮಾನಗಳ ತೂಕ ನೋಡಿದವನು. ಮಗಳು ರುಚಿತಾಳ ಏರ್ ರೈಫಲ್ಲಿಗೆ ತೂಕ ಹೊಂದಿಸುವ ಹಕ್ಕೂ ತನ್ನದೇ ಎಂದು ತಾನೇ ತೀರ್ಮಾನಿಸಿಬಿಟ್ಟಿದ್ದ.

ಇದರಲ್ಲಿ ಗುಂಡು ತಳ್ಳುವುದು ನಳಿಗೆಯ ಕೆಳಗಿನ ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿ. ಸ್ಪರ್ಧೆಯ ರೈಫಲ್ ಐದೂವರೆ ಕಿಲೋ ಮೀರಬಾರದು. ಭಾರ ಹೆಚ್ಚಿದಷ್ಟೂ ನಳಿಗೆ ಅಲುಗುವುದು ಕಡಿಮೆ. ಅದಕ್ಕೇ ಎಲ್ಲರೂ ನಳಿಗೆಗೆ ಹಿತ್ತಾಳೆಯ ಬಿಲ್ಲೆಗಳನ್ನು ಸಿಕ್ಕಿಸಿ ಆ ಗಡಿಯ ಹತ್ತಿರ ಹೋಗಲು ನೋಡುತ್ತಾರೆ. ನಾಶಿಕದಲ್ಲಿ ಅವಳಿಗೆ ಕಲಿಸುವ ಮಹಿಬೂಬ, ಸೈನ್ಯದಿಂದ ನಿವೃತ್ತನಾದ ವಿಜಯಪುರದ ಮನುಷ್ಯ, ನೂರು ಗ್ರಾಂ ಕಡಿಮೆಯೇ ಇರಲಿ ಎನ್ನುತ್ತಿದ್ದ. ಅದು ಹೇಡಿಯ ಲೆಕ್ಕವೆಂದು ರಘೋತ್ತಮನಿಗೆ ಅವನ ಮೇಲೆ ಹೇವರಿಕೆ. ಮಗಳು ಮಾತುಮಾತಿಗೆ ಅವನನ್ನು ಉಸ್ತಾದ್ ಎನ್ನುವುದು ಕೇಳಿದರಂತೂ ಮೈ ಉರಿಯುತ್ತಿತ್ತು.

"ತೂಗೂದಾದ್ರ ಸಿಲಿಂಡರಿಗೆ ಗಾಳಿ ತುಂಬಿಸಿ ತೂಗ್ರಿ ಸಾಹೇಬ್ರ," ಎಂದಿದ್ದ ಮಹಿಬೂಬ. "ಒತ್ತಿ ತುಂಬಿದ ಗಾಳಿಗೂ ತೂಕ ಇರ್ತದ."

"ವಿಮಾನಾ ತೂಗೂ ಮುಂದ ನಾವು ಎಣ್ಣಿ ಪೂರಾ ಇಳಸ್ತೀವಿ. ಖಾಲಿ ತೂಕಾನ ತೂಕ. ನೀವು ಗುರಿ ಹಿಡಿಯೂದು ಕಲಸ್ರಿ, ತಕ್ಕಡಿ ನನಗ ಬಿಡ್ರಿ."

ಆ ರಾತ್ರಿಯೇ ಮನೆಯಲ್ಲಿ ಸಿಲಿಂಡರ್ ಖಾಲಿ ಮಾಡಿ ತೂಗಿ, ಬಿಲ್ಲೆಗಳನ್ನು ಸೇರಿಸುತ್ತ ಹೋಗಿ, ಐದು ಸಾವಿರದ ನಾನೂರ ತೊಂಬತ್ತೆಂಟು ಗ್ರಾಮಿಗೆ ತಂದು ನಿಲ್ಲಿಸಿದ. ಗಾಳಿಯ ಮೇಲೆ ಹಾರುವ ಯಂತ್ರದ ಅನ್ನ ತಿಂದವನು ಗಾಳಿಯನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಸ್ಪರ್ಧೆ ಸಂಭಾಜಿನಗರದಲ್ಲಿ. ಮೊದಲ ಮೂವರಿಗೆ ರಾಜ್ಯದ ಕಿರಿಯರ ತಂಡದಲ್ಲಿ ಜಾಗ. ಹಿಂದಿನ ಎರಡು ವರ್ಷ ರುಚಿತಾ ಕೂದಲೆಳೆಯಲ್ಲಿ ಹೊರಗುಳಿದಿದ್ದಳು. ಈ ವರ್ಷ ದಾಟಿದರೆ ಕಿರಿಯರ ವಯಸ್ಸೇ ಮುಗಿಯುತ್ತಿತ್ತು. ಬೆಳಿಗ್ಗೆ ಅವಳು ಶೂಟಿಂಗ್ ಕೋಟಿನ ಪಟ್ಟಿಗಳನ್ನು ಬಿಗಿಯುತ್ತಿದ್ದಾಗ ಅಪ್ಪನೇ ರೈಫಲ್ ಹೊತ್ತು ತಪಾಸಣೆಯ ಮೇಜಿಗೆ ಹೋದ. ತಕ್ಕಡಿ ಐದು ಸಾವಿರದ ಐನೂರ ಮೂವತ್ತೊಂದು ತೋರಿಸಿತು.

"ನಿಮ್ಮ ತಕ್ಕಡಿ ಕೆಟ್ಟದ," ಎಂದ ರಘೋತ್ತಮ ಮರಾಠಿಯಲ್ಲಿ. ಕುಣಿಯಲಾರದವಳಿಗೆ ನೆಲ ಡೊಂಕು.

ಮೇಜಿನ ಹಿಂದಿದ್ದ ಹಂಸಾ ಧಾರವಾಡದವಳು, ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ, ರಜಾದಿನಗಳಲ್ಲಿ ತೀರ್ಪುಗಾರ್ತಿ. ಅವಳ ಮರಾಠಿಯಲ್ಲಿ ಕನ್ನಡ ಇಣುಕಿದ್ದೇ ತಡ, ರಘೋತ್ತಮ ದನಿ ಇಳಿಸಿದ. "ನಾವೂ ಆ ಕಡೆಯವರ‍್ರಿ. ಮೂವತ್ತೊಂದು ಗ್ರಾಂ ಏನ್ ದೊಡ್ಡದು?"

"ನಮ್ಮವರು ಅಂತ ತಕ್ಕಡಿಗೆ ಗೊತ್ತಾಗೂದಿಲ್ರಿ. ಒಂದು ಬಿಲ್ಲೆ ತಗದು ತರ‍್ರಿ. ಇನ್ನ ಹೊತ್ತದ."

ಒಂದೇ ಒಂದು ಬಿಲ್ಲೆ. ತಿರುಪು ಬಿಚ್ಚಲು ಒಂದು ನಿಮಿಷ ಸಾಕಿತ್ತು. ಆದರೆ ಬಿಚ್ಚಿದರೆ ಮಹಿಬೂಬ ಹೇಳಿದ್ದು ಖರೆಯಾಗುತ್ತಿತ್ತು. ಆ ಮನುಷ್ಯ ಅಲ್ಲೇ ಬಾಗಿಲ ಬಳಿ ಚಹಾ ಕುಡಿಯುತ್ತ ನಿಂತಿದ್ದ. ರಘೋತ್ತಮ ಗೋಡೆಯ ಮರೆಗೆ ಹೋಗಿ ಸಿಲಿಂಡರಿನ ಗಾಳಿ ಬಿಟ್ಟ. ಮರಳಿ ಬಂದು, ಕಿಸೆಯಲ್ಲಿದ್ದ ಬೇರೊಂದು ಬಿಲ್ಲೆಯನ್ನು ತೋರಿಸಿ, "ತಗದೆ," ಎಂದ. ತಕ್ಕಡಿ ಈಗ ಐದು ಸಾವಿರದ ನಾನೂರ ತೊಂಬತ್ತೆಂಟು ತೋರಿಸಿತು. ಹಂಸಾ ರೈಫಲ್ಲಿಗೆ ಒಪ್ಪಿಗೆಯ ಚೀಟಿ ಅಂಟಿಸಿದಳು. ಅವನು ಹೊರಗೆ ಹೋಗಿ ಮತ್ತೆ ಗಾಳಿ ತುಂಬಿಸಿ ರೈಫಲ್ಲನ್ನು ಮಗಳ ಕೈಗಿಟ್ಟ. ಎದೆಯಲ್ಲಿ ಅಳುಕೇನೂ ಇರಲಿಲ್ಲ, ಗೆದ್ದ ಖುಷಿಯಿತ್ತು.

ರುಚಿತಾ ಅಂದು ಎಂದೂ ಹೊಡೆಯದಷ್ಟು ಚೆನ್ನಾಗಿ ಹೊಡೆದಳು. ಅರವತ್ತು ಗುಂಡು ಮುಗಿದಾಗ ಪರದೆಯ ಮೇಲೆ ಅವಳ ಹೆಸರು ಎರಡನೆಯದು. "ನೋಡಿದ್ರೇನು, ತೂಕದ ಮಹಿಮಾ," ಎಂದು ರಘೋತ್ತಮ ಮಹಿಬೂಬನ ಮುಖಕ್ಕೇ ಹೇಳಿದ. 

ಆಟ ಮುಗಿದ ಮೇಲೆ ಚೀಟಿ ಎತ್ತಿ ಕೆಲವರ ರೈಫಲ್ಲನ್ನು ಮತ್ತೆ ತೂಗುವುದು ರೂಢಿ. ಎರಡನೇ ಚೀಟಿಯಲ್ಲೇ ರುಚಿತಾ ನಿಂತು ಹೊಡೆದ ಲೇನಿನ ಸಂಖ್ಯೆ ಬಂತು. ಹಾರಿಸಿದಷ್ಟು ಗಾಳಿ ಕಳೆದು ಈಗ ಐದು ಸಾವಿರದ ಐನೂರ ಇಪ್ಪತ್ತೆರಡು.

ಹಂಸಾ ರಘೋತ್ತಮನನ್ನೇ ನೋಡಿದಳು. "ಬೆಳಿಗ್ಗೆ ಬಿಲ್ಲೆ ತಗದೀನಿ ಅಂದಿದ್ರಿ."

ಎಲ್ಲರೂ ಅವನತ್ತ ತಿರುಗಿದರು. ಅವನ ಬಾಯಿಗೆ ಮೊದಲು ಬಂದದ್ದು ಇದು: "ಆಮ್ಯಾಲೆ ರೈಫಲ್ ಮಹಿಬೂಬರ ಕೈಯಾಗಿತ್ತು. ಅವರನ್ನ ಕೇಳ್ರಿ."

ಮಹಿಬೂಬನ ಮುಖ ಕಪ್ಪಿಟ್ಟಿತು. ಅವನು ಬಾಯಿ ತೆರೆಯುವ ಮೊದಲೇ ರುಚಿತಾ ಮಾತಾಡಿದಳು.

"ಖೋಟಂ ಆಹೆ," ಎಂದಳು ಹಂಸಾಳಿಗೆ, ಅದು ಸುಳ್ಳೆಂದು ಮರಾಠಿಯಲ್ಲಿ. ಮತ್ತೆ ಕನ್ನಡಕ್ಕೆ ಬಂದಳು, ಅಪ್ಪನಿಗೆ ನಾಟಲೆಂದು ಒಂದೊಂದೇ ಮಾತು ಹುಡುಕಿ. "ಉಸ್ತಾದ್ ಮುಟ್ಟಿಲ್ಲ. ನನ್ನ ಕೈಗೆ ಅಪ್ಪ ಕೊಟ್ಟ. ಅಪ್ಪಾ, ಗಾಳಿ ಬಿಟ್ಟು ತೂಗಿದಿ, ಹೌದಲ್ಲ?"

"ಇಪ್ಪತ್ತೆರಡು ಗ್ರಾಂ, ರುಚೀ. ಬರೀ ಗಾಳಿ."

"ಉಸ್ತಾದ್ರ ಮಾತು ಖರೆ ಆಗಬಾರದು ಅಂತ ನನ್ನ ವರ್ಷಾನ ಕಳದಿ."

ಹಂಸಾ ಪಟ್ಟಿಯಲ್ಲಿ ಅವಳ ಹೆಸರಿಗೆ ಗೆರೆ ಎಳೆದಳು. ನಾಲ್ಕನೆಯವಳಾಗಿದ್ದ ಸಟಾಣಾದ ಹುಡುಗಿ ಮೂರಕ್ಕೆ ಏರಿ, ಅವ್ವನನ್ನು ತಬ್ಬಿಕೊಂಡು ಅತ್ತಳು. ರುಚಿತಾ ಹೋಗಿ ಅವಳ ಕೈ ಕುಲುಕಿ ಬಂದಳು. ರೈಫಲ್ ಪೆಟ್ಟಿಗೆಗಿಟ್ಟಳು, ಕೋಟು ಮಡಚಿದಳು, ಅಪ್ಪನ ಕಡೆ ನೋಡಲಿಲ್ಲ.

ತಪ್ಪಾಯಿತು ಎನ್ನಬೇಕೆಂದು ರಘೋತ್ತಮನಿಗೂ ಅನಿಸಿತು.  ಆದರೆ ಮಹಿಬೂಬ ನೋಡುತ್ತಿದ್ದ. ಜಟ್ಟಿ ಜಾರಿ ಬಿದ್ದರೂ ಮೀಸೆಗೆ ಮಣ್ಣಾಗಬಾರದಲ್ಲ.

"ಈ ತಕ್ಕಡಿ ಪ್ರಮಾಣಪತ್ರ ತೋರಸ್ರಿ," ಎಂದ ಹಂಸಾಳಿಗೆ.

ಅವಳು ಕಾಗದ ಮುಂದಿಟ್ಟಳು. ರಘೋತ್ತಮ ಕನ್ನಡಕ ಹಾಕಿಕೊಂಡು ಮೊಹರು, ತಾರೀಖು, ಪರೀಕ್ಷಿಸಿದವರ ಸಹಿ, ಒಂದನ್ನೂ ಬಿಡದೆ ನೋಡಿದ. ಇಪ್ಪತ್ತಾರು ವರ್ಷದಲ್ಲಿ ಇಂಥ ಕಾಗದಗಳಲ್ಲಿ ಅವನು ಹಿಡಿಯದ ತಪ್ಪಿರಲಿಲ್ಲ. ಮೇಲಿಂದ ಕೆಳಗೆ ಎರಡು ಸಲ ಓದಿದ. ಎಲ್ಲ ಸರಿಯಿತ್ತು. ತಲೆ ಎತ್ತಿದಾಗ ರುಚಿತಾ ಮಹಿಬೂಬನ ಜೀಪಿನಲ್ಲಿ ನಾಶಿಕಕ್ಕೆ ಹೊರಟುಹೋಗಿದ್ದಳು.