ಅಣ್ಣನ ನೂರಿಪ್ಪತ್ತು

ರಕ್ತದೊತ್ತಡದ ಮೇಲಿನ ಅಂಕಿ ನೂರಿಪ್ಪತ್ತು ದಾಟಬಾರದು, ವಯಸ್ಸು ಎಷ್ಟೇ ಇರಲಿ. ಇದು ನನ್ನ ಅಣ್ಣ ಬರೆದ ನಿಯಮ. ಅವನು ಹೃದಯದ ಡಾಕ್ಟರು. ಬಿಪಿ ಇದ್ದವರಿಗೆ ಡಾಕ್ಟರುಗಳು ಹೇಗೆ ಚಿಕಿತ್ಸೆ ಕೊಡಬೇಕೆಂದು ಹೇಳುವ ಮಾರ್ಗಸೂಚಿಯ ಸಮಿತಿಗೆ ಅವನೇ ಅಧ್ಯಕ್ಷ. ನೀಲಿ ರಟ್ಟಿನ ಆ ಪುಸ್ತಕ ನಮ್ಮ ಆಸ್ಪತ್ರೆಯ ಪ್ರತಿ ವಾರ್ಡಿನಲ್ಲೂ ಇದೆ. ಅದನ್ನು ಮೀರಿದವರನ್ನು ಆಡಳಿತದವರು ಕರೆಸಿ ಕಾರಣ ಕೇಳುತ್ತಾರೆ. ಹಾಗಾಗಿ ಯಾರೂ ಮೀರುವ ಗೋಜಿಗೆ ಹೋಗುವುದಿಲ್ಲ. ನಾನೂ ಅಲ್ಲೇ ಡಾಕ್ಟರು, ವಯಸ್ಸಾದವರನ್ನು ನೋಡುವವಳು. ಆ ಪುಸ್ತಕ ಕಂಡರೆ ನನಗೆ ಮೈ ಉರಿಯುತ್ತದೆ.

ಯಾಕೆ ಉರಿಯುತ್ತದೆಂದು ಹೇಳಿಬಿಡುತ್ತೇನೆ. ಆ ಅಂಕಿ ಬಂದದ್ದು ದೊಡ್ಡದೊಂದು ಅಧ್ಯಯನದಿಂದ. ಅಲ್ಲಿ ಒಬ್ಬೊಬ್ಬರನ್ನೇ ಬಾಗಿಲು ಹಾಕಿದ ಕೋಣೆಯಲ್ಲಿ ಸುಮ್ಮನೆ ಕೂರಿಸಿದ್ದರು. ಯಾರೂ ಮಾತಾಡಿಸುತ್ತಿರಲಿಲ್ಲ, ಯಂತ್ರವೇ ಮತ್ತೆ ಮತ್ತೆ ಅಳೆದು ಸರಾಸರಿ ಕೊಡುತ್ತಿತ್ತು. ತಲೆಸುತ್ತು ಬರುವವರನ್ನೂ ಬಿದ್ದು ಎದ್ದವರನ್ನೂ ಮೊದಲೇ ಹೊರಗಿಟ್ಟಿದ್ದರು. ಅಣ್ಣನ ಸಮಿತಿ ಅಂಕಿಯನ್ನಷ್ಟೇ ಎತ್ತಿಕೊಂಡಿತು, ಅಳೆದ ರೀತಿಯನ್ನು ಅಲ್ಲೇ ಬಿಟ್ಟಿತು. ನಮ್ಮಲ್ಲಿ ಬಿಪಿ ನೋಡುವುದು ಕಾರಿಡಾರಿನಲ್ಲಿ. ಮೆಟ್ಟಿಲು ಹತ್ತಿ ಏದುಸಿರು ಬಿಡುವ ಅಜ್ಜಿಯನ್ನು ಬೆನ್ನಿಗೆ ಆಸರೆಯಿಲ್ಲದ ಸ್ಟೂಲಿನ ಮೇಲೆ ಕೂರಿಸಿ, ಸ್ವೆಟರಿನ ತೋಳಿನ ಮೇಲೇ ಪಟ್ಟಿ ಸುತ್ತಿ, ಗಾಳಿ ತುಂಬುತ್ತಲೇ ಫೋನ್ ನಂಬರು ಕೇಳುತ್ತಾರೆ. ಹಾಗೆ ಅಳೆದರೆ ಕಲ್ಲಿಗೂ ಬಿಪಿ ಏರುತ್ತದೆ. ಏರಿದರೆ ಇನ್ನೊಂದು ಮಾತ್ರೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಹಾಗೆ. ಮನೆಗೆ ಹೋಗಿ ನೆಮ್ಮದಿಯಾಗಿ ಕೂತ ಮೇಲೆ ಆ ಅಜ್ಜಿಯ ಬಿಪಿ ಪಾತಾಳಕ್ಕೆ ಇಳಿಯುತ್ತದೆ. ಎದ್ದು ನಿಂತರೆ ಧೊಪ್ಪನೆ ಬೀಳುತ್ತಾಳೆ. ಬಿದ್ದವರೆಲ್ಲ ಕೊನೆಗೆ ಬರುವುದು ನನ್ನ ಹತ್ತಿರ.

ಪುಸ್ತಕವನ್ನು ಹೊಸದಾಗಿ ತಿದ್ದುವಾಗ, ಮುದುಕರ ಡಾಕ್ಟರು ಒಬ್ಬರಾದರೂ ಇರಲಿ ಎಂದು ನನ್ನನ್ನೂ ಸಮಿತಿಗೆ ಸೇರಿಸಿಕೊಂಡರು. ವಯಸ್ಸಾದವರಿಗೆ ಬೇರೆ ಅಂಕಿ ಇರಲಿ, ಅವರನ್ನು ನಿಲ್ಲಿಸಿಯೂ ಬಿಪಿ ನೋಡುವುದು ಕಡ್ಡಾಯವಾಗಲಿ ಎಂದೆ. ಅಣ್ಣ ನಕ್ಕ. ಒಂದೇ ಅಂಕಿ ಕೊಟ್ಟರೆ ಡಾಕ್ಟರುಗಳು ಪಾಲಿಸುತ್ತಾರೆ, ಹತ್ತು ಕೊಟ್ಟರೆ ಒಂದನ್ನೂ ಪಾಲಿಸುವುದಿಲ್ಲ ಎಂದ. ಅವನ ಸಭೆಯಲ್ಲಿ ಕೈ ಎತ್ತಿಸುವ ಪದ್ಧತಿಯಿಲ್ಲ. ಅಧ್ಯಕ್ಷರು ಸುತ್ತ ಕಣ್ಣಾಡಿಸುತ್ತಾರೆ, ಯಾರೂ ಕೆಮ್ಮದಿದ್ದರೆ ಸರ್ವಾನುಮತ. ಕೆಮ್ಮುವವರಾದರೂ ಯಾರು? ಅರ್ಧ ಜನ ಅವನ ಶಿಷ್ಯರು, ಇನ್ನರ್ಧ ಮಾತ್ರೆ ಕಂಪನಿಯ ಖರ್ಚಿನಲ್ಲಿ ಸಮ್ಮೇಳನ ಸುತ್ತಿ ಬಂದವರು. ಕಟ್ಟುನಿಟ್ಟಾಗಿ ಪಾಲಿಸಿ ಎಂದು ಪುಟದ ಮೇಲೆ ದಪ್ಪಕ್ಷರದಲ್ಲಿ ಬರೆಯುತ್ತಾರೆ, ಪುರಾವೆ ಅಷ್ಟಕ್ಕಷ್ಟೇ ಎಂದು ಅಡಿಯಲ್ಲಿ ಇರುವೆ ಗಾತ್ರದಲ್ಲಿ ಬರೆಯುತ್ತಾರೆ. ನನ್ನ ಮಾತನ್ನು ಕೊನೆಯ ಸಭೆಗೆ ತಳ್ಳಿದರು. ಅದು ಮುಗಿದರೆ ಪುಸ್ತಕ ಅಚ್ಚಿಗೆ.

ಆ ಸಭೆಗೆ ಇನ್ನೂ ಒಂದು ವಾರವಿರುವಾಗ ಅಮ್ಮ ಬಿದ್ದಳು. ಅವಳಿರುವುದು ಅಣ್ಣನ ಮನೆಯಲ್ಲಿ. ಬೆಳಿಗ್ಗೆ ಹಾಸಿಗೆಯಿಂದೆದ್ದು ಕಿಟಕಿಯ ಪರದೆ ಸರಿಸಲು ಹೋದವಳು ಅಲ್ಲೇ ಕುಸಿದು, ಸೊಂಟದ ಮೂಳೆ ಮುರಿದುಕೊಂಡಳು. ನಾನು ವಾರ್ಡಿಗೆ ಓಡಿಹೋದಾಗ ಕಿರಿಯ ಡಾಕ್ಟರು ಅವಳಿಗೆ ಬಿಪಿಯ ನಾಲ್ಕನೆಯ ಮಾತ್ರೆ ಬರೆಯುತ್ತಿದ್ದ. ಸೊಂಟ ಮುರಿದು ನರಳುತ್ತಿರುವವಳಿಗೆ ಬಿಪಿ ಏರದೆ ಇನ್ನೇನಾಗುತ್ತದೆ ಎಂದು ಕೇಳಿದೆ.

“ಗೊತ್ತು ಮೇಡಂ. ಆದ್ರೆ ಬರೀದಿದ್ರೆ ನಾಳೆ ಉತ್ತರ ಹೇಳಬೇಕಾದೋನು ನಾನು” ಎಂದ.

ಪಿತ್ತ ನೆತ್ತಿಗೇರಿತು. ಆದರೆ ಅವನನ್ನು ಬೈದು ಏನು ಬಂತು? ಓದಿ ಪಾಸಾದ ಹುಡುಗ, ತಲೆ ಇದೆ. ಅದನ್ನು ಉಪಯೋಗಿಸಿದರೆ ಕೆಲಸಕ್ಕೆ ಕುತ್ತು ಎಂದು ನಾವೇ ಕಲಿಸಿದ್ದೇವೆ. ಆ ಮಾತ್ರೆಯನ್ನು ನಾನೇ ಹೊಡೆದುಹಾಕಿ, ಕೆಳಗೆ ನನ್ನ ಸಹಿ ಹಾಕಿದೆ.

ಆಪರೇಷನ್ ಆಗಿ ನೋವು ಇಳಿದ ಮೇಲೆ ಅಣ್ಣನನ್ನು ಅಮ್ಮನ ಮಂಚದ ಬಳಿಗೆ ಕರೆಸಿದೆ. ಪರದೆ ಎಳೆದು, ಯಾರೂ ಮಾತಾಡದೆ, ಅಧ್ಯಯನದಲ್ಲಿ ಅಳೆದ ಹಾಗೇ ಅವನ ಕೈಯಿಂದಲೇ ಅಳೆಸಿದೆ. ಮಲಗಿದ್ದಾಗ ನೂರ ಹತ್ತು ಇತ್ತು. ಎಬ್ಬಿಸಿ ಕೂರಿಸಿದೆವು. ಎಂಬತ್ತಕ್ಕೆ ಇಳಿಯಿತು, ಅಮ್ಮ ನನ್ನ ತೋಳು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡಳು. ಯಾವಾಗಿಂದ ಹೀಗಾಗುತ್ತಿದೆ ಎಂದು ಅಣ್ಣ ಕೇಳಿದ.

“ಮೂರನೇ ಮಾತ್ರೆ ಕೊಟ್ಟಾಗಿಂದ. ಹಿಂದೆ ಎರಡು ಸಲ ಬಿದ್ದಿದ್ದೆ ಕಣಪ್ಪ. ಹೇಳಿದ್ರೆ ನಿನ್ನ ಪುಸ್ತಕಕ್ಕೆ ಕೆಟ್ಟ ಹೆಸರು ಬರತ್ತೆ ಅಂತ ಸುಮ್ಮನಿದ್ದೆ.”

ಅಣ್ಣ ಅವಳ ಪಾದ ಹಿಡಿದುಕೊಂಡ. ಆಮೇಲೆ ಪೆನ್ನು ತೆಗೆದು ಬಿಪಿಯ ಎರಡು ಮಾತ್ರೆಗಳನ್ನು ನಿಲ್ಲಿಸಿದ. ಇವನೂ ಮನುಷ್ಯನೇ ಎಂದುಕೊಂಡೆ. ಪುಸ್ತಕವನ್ನೂ ತಿದ್ದುತ್ತಾನೆಂದು ನಂಬಿದೆ.

ಸಭೆ ಇದ್ದದ್ದು ಮೇಲಿನ ಮಹಡಿಯ ತಂಪು ಕೋಣೆಯಲ್ಲಿ. ಕಾಫಿ ಬಂತು, ಪುಟಗಳು ಒಂದೊಂದಾಗಿ ಪಾಸಾದವು. ವಯಸ್ಸಾದವರ ಪುಟ ಬಂದಾಗ ನನ್ನ ಅಣ್ಣ, ನನ್ನ ಒಡಹುಟ್ಟಿದವನು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ, ಇದರಲ್ಲಿ ಬದಲಾವಣೆ ಬೇಡವೆಂದು ತೋರುತ್ತದೆ ಎಂದ. ನಾನು ಎದ್ದು ನಿಂತೆ.

“ಅಧ್ಯಕ್ಷರೇ, ಮೊನ್ನೆ ನಿಮ್ಮ ತಾಯಿಯ ಮಾತ್ರೆ ನಿಲ್ಲಿಸಿದ್ರಲ್ಲ, ಅದು ಯಾವ ಪುಟದ ಪ್ರಕಾರ?”

ಎಲ್ಲರೂ ಕಾಫಿ ಲೋಟದೊಳಗೆ ಏನೋ ಬಿದ್ದಿದೆಯೆಂಬಂತೆ ಇಣುಕಿ ನೋಡತೊಡಗಿದರು. ಅದು ಮನೆಯ ವಿಷಯ, ಇಲ್ಲಿ ಬೇಡ ಎಂದ ಅಣ್ಣ. ಒಬ್ಬ ರೋಗಿಯನ್ನು ನೋಡಿ ಮಾರ್ಗಸೂಚಿ ಬದಲಿಸಲು ಬರುವುದಿಲ್ಲ ಎಂದು ಶಿಷ್ಯನೊಬ್ಬ ದನಿಗೂಡಿಸಿದ. ಕೊನೆಗೆ ನನ್ನ ಆಕ್ಷೇಪವನ್ನು ಬರೆದುಕೊಳ್ಳಲೂ ಇಲ್ಲ, ಪುಟ ಪಾಸಾಯಿತು. ಹೊರಗೆ ಲಿಫ್ಟಿನ ಬಳಿ ಅಣ್ಣ ನನ್ನ ಭುಜ ಮುಟ್ಟಿ, ಅಮ್ಮನದ್ದು ಬೇರೆ ಕೇಸು, ಅರ್ಥ ಮಾಡಿಕೋ ಎಂದ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಅವನ ಕೈ ಕೊಡವಿ ಮೆಟ್ಟಿಲಿಳಿದು ಬಂದೆ.

ವಾರ್ಡಿನಲ್ಲಿ ಅಮ್ಮ ದಿಂಬಿಗೆ ಒರಗಿ ಕೂತಿದ್ದಳು. ಮುಖ ಗೆಲುವಾಗಿತ್ತು, ಕಣ್ಣು ತಿಳಿಯಾಗಿತ್ತು. ಎರಡು ಮಾತ್ರೆ ಬಿಟ್ಟದ್ದಕ್ಕೆ ಇಷ್ಟು. ಪಕ್ಕದ ಮಂಚದಲ್ಲಿ ಅವಳದೇ ವಯಸ್ಸಿನ ಅಜ್ಜಿ, ಅವರೂ ಬಿದ್ದು ಮಣಿಕಟ್ಟು ಮುರಿದುಕೊಂಡು ಬಂದವರು. ನರ್ಸು ಅವರ ಅಂಗೈಗೆ ನಿನ್ನೆಯಷ್ಟೇ ಶುರುಮಾಡಿದ ಬಿಪಿಯ ಮಾತ್ರೆಯನ್ನು ಹಾಕಿದ್ದಳು. ಇದನ್ನು ತೆಗೆದುಕೊಂಡರೆ ತಲೆ ತಿರುಗುತ್ತದಮ್ಮ, ಬೇಡ ಎಂದು ಅಜ್ಜಿ ಹಿಂದೆಮುಂದೆ ನೋಡುತ್ತಿದ್ದರು.

“ಧೈರ್ಯವಾಗಿ ತಗೊಳ್ಳಿ. ನನ್ನ ಮಗ ಬರೆದಿರೋ ಪುಸ್ತಕದಲ್ಲೇ ಇದೆ” ಎಂದಳು ನನ್ನ ಅಮ್ಮ.

ಹೆತ್ತವರಿಗೆ ಹೆಗ್ಗಣ ಮುದ್ದು. ಅಮ್ಮನೆದುರು ನಾನು ಎಂದೂ ದನಿ ಎತ್ತಿದವಳಲ್ಲ, ಆ ಹೊತ್ತು ಎತ್ತಿದೆ. “ಆ ಮಾತ್ರೇನೇ ಅಮ್ಮ ನಿನ್ನನ್ನ ಬೀಳಿಸಿದ್ದು. ನಿನ್ನ ಮಗ ಅದನ್ನ ನಿಲ್ಲಿಸಿದ್ದು ನಿನಗೊಬ್ಬಳಿಗೇ. ಇವರಿಗೆಲ್ಲ ಕೊಡಿ ಅಂತ ಈಗ ತಾನೇ ಪಾಸು ಮಾಡಿ ಬಂದ.”

ವಾರ್ಡಿನಲ್ಲಿ ಇದ್ದವರೆಲ್ಲ ತಿರುಗಿ ನೋಡಿದರು. ಅಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಪಕ್ಕದ ಮಂಚದ ಕಡೆ ಕೈ ಚಾಚಿ, ಅದನ್ನು ಇಲ್ಲಿ ಕೊಡಿ ಎಂದು ಅಜ್ಜಿಯ ಮಾತ್ರೆಯನ್ನು ಇಸಿದುಕೊಂಡು ಮುಷ್ಟಿಯಲ್ಲಿ ಬಿಗಿಹಿಡಿದಳು.

“ಕರಿ ಅವನನ್ನ” ಎಂದಳು. “ಇವರ ಮುಂದೆ ನಿಂತು ಹೇಳಲಿ.”