ಕಮಲಾಕ್ಷಮ್ಮ ತೊಳೆದ ಕನ್ನಡಿ

ಅಪ್ಪನ ಹಣೆಗೆ ವಿಭೂತಿ ಹಚ್ಚುತ್ತಿದ್ದ ಲೋಹಿತಾ, ವಾಲಿದ ತಲೆಯನ್ನು ಎತ್ತಿ ಮತ್ತೆ ಗೋಡೆಗೆ ಆನಿಸಿದಳು. ಅಂಗಳದಲ್ಲಿ ಹೆಣವನ್ನು ಕೂರಿಸಿ ಹೊರುವ ವಿಮಾನ ಕಟ್ಟುವವರು ಬಾಳೆಕಂದು ಸಾಲದೆಂದು ಗೊಣಗುತ್ತಿದ್ದರು. ಹೊಳವನಹಳ್ಳಿಯ ಅರ್ಧ ಊರು ಸೇರಿತ್ತು. ಕಮಲಾಕ್ಷಮ್ಮ ಮಾತ್ರ ಗಂಡನ ಮುಖ ನೋಡದೆ ಬಾಗಿಲು ಕಾಯುತ್ತಿದ್ದರು. ಮಧುಗಿರಿಯ ಕನ್ನಡಕದಂಗಡಿ ಬಸವೇಶ ಬರಬೇಕಿತ್ತು. ಗಂಡ ಪರ್ವತಯ್ಯ ತಮ್ಮ ಮೇಲೆ ಸಿಟ್ಟಿಟ್ಟುಕೊಂಡೇ ಹೋದರೋ ಏನೋ, ಬಲ್ಲವನು ಅವನೊಬ್ಬನೇ.

"ಹೊತ್ತು ಇಳ್ಯೋದ್ರೊಳ್ಗೆ ಎತ್ಬುಡ್ಬೇಕು ಕಣಮ್ಮ," ಎಂದರು ಪಕ್ಕದ ಮನೆಯ ಸಣ್ಣರಂಗಯ್ಯ.

"ಒಸಿ ತಡೀರಿ," ಎಂದರು ಕಮಲಾಕ್ಷಮ್ಮ.

*

ಹೈಸ್ಕೂಲಿನ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದ ಪರ್ವತಯ್ಯ ದೂರದರ್ಶಕ ಕಟ್ಟಲು ಹಿಡಿದದ್ದು ನಿವೃತ್ತಿಯಾದ ವರ್ಷ. ಅದರ ತಗ್ಗುಗನ್ನಡಿಗೆಂದು ಡ್ರಮ್ಮಿನ ಮೇಲೆ ಗಾಜಿನ ಬಿಲ್ಲೆಯ ಮೇಲೆ ಬಿಲ್ಲೆಯಿಟ್ಟು, ಪುಡಿ, ನೀರು ಹಾಕಿ, ಡ್ರಮ್ಮಿನ ಸುತ್ತ ಸುತ್ತುತ್ತಾ ಎಂಟು ತಿಂಗಳು ಉಜ್ಜಿದರು. ಅದಕ್ಕೆ ಲೇಪ ಹಾಕಿಸಿ ಚಂದ್ರನನ್ನು ಕಂಡ ಮೇಲಾದರೂ ಸುಮ್ಮನಾದರೇ? ಶನಿಯ ಬಳೆ ಮಸುಕೆಂದು ಮತ್ತೆ ಉಜ್ಜಿದರು, ಕೊಳವೆ ಬದಲಿಸಿದರು. "ಇನ್ನೊಂಚೂರು ಸರಿಯಾಗ್ಲಿ, ತೋರಿಸ್ತೀನಿ," ಎನ್ನುತ್ತಲೇ ಹೆಂಡತಿಗೆ ತೋರಿಸುವುದನ್ನು ಹದಿನಾಲ್ಕು ವರ್ಷ ಮುಂದೆ ತಳ್ಳಿದರು. ಊಟಕ್ಕೆ ಕರೆದರೆ ಮಾಳಿಗೆಯಿಂದ ಒಂದು 'ಹ್ಞೂಂ'. ಆ ಮನೆಯಲ್ಲಿ ಕಮಲಾಕ್ಷಮ್ಮನ ಜೊತೆ ಬಾಯಿಬಿಟ್ಟು ಮಾತಾಡುತ್ತಿದ್ದದ್ದು ಕುಕ್ಕರೊಂದೇ.

ಹೋದ ಯುಗಾದಿಗೆ ಮನೆ ತೊಳೆಯುವಾಗ ಕಮಲಾಕ್ಷಮ್ಮನಿಗೆ, ದೂರದರ್ಶಕದಿಂದ ಬಿಚ್ಚಿಟ್ಟಿದ್ದ ಕನ್ನಡಿ ಮಂಕಾಗಿದ್ದು ಕಂಡಿತು. ದೇವರ ಸಾಮಾನಿನ ಜೊತೆ ಅದನ್ನೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿಬಿಟ್ಟರು. ಬೆಳ್ಳಿಯಂಥ ಲೇಪವೆಲ್ಲ ಬಚ್ಚಲಿಗೆ ಹೋಯಿತು. ಪರ್ವತಯ್ಯ ಬರಿಗಾಜನ್ನು ನೋಡಿದರು, ಬಟ್ಟೆಯಲ್ಲಿ ಸುತ್ತಿದರು, ಬಸವೇಶನ ಅಂಗಡಿಗೆಂದು ಮಧುಗಿರಿ ಬಸ್ಸು ಹತ್ತಿದರು. ಆಮೇಲೆ ಆ ಮಾತನ್ನೇ ಎತ್ತಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಿನ್ನೆ ಸಂಜೆ ಕೂತಲ್ಲೇ ಹೋಗಿಬಿಟ್ಟರು.

*

ಬಸವೇಶ ಕೈಯಲ್ಲೊಂದು ಪೊಟ್ಟಣ ಹಿಡಿದು ಬಂದ. "ಹೊಸದಾಗಿ ಲೇಪ ಹಾಕ್ಸಿದ್ದು ಅಮ್ಮ. ನಿನ್ನೆ ತಾನೆ ಬಂತು."

"ಅದಿರ್ಲಿ. ಅವ್ರು ನನ್ನ ಏನಂದ್ರು? ದಿಟ ಹೇಳ್ಬುಡು."

"ನಿಮ್ಮನ್ನೇನೂ ಅನ್ಲಿಲ್ಲ. 'ಇದೇನು ಅಂತ ಇಷ್ಟ್ ವರ್ಷ ಅವ್ಳಿಗೆ ಒಂದ್ ಮಾತು ಹೇಳ್ಲಿಲ್ಲ ಕಣಯ್ಯ, ಅವ್ಳಿಗೆಂಗೆ ಗೊತ್ತಾಗ್ಬೇಕು' ಅಂದ್ರು. ಈ ಸಲ ಮೊದ್ಲು ನಿಮ್ಗೇ ತೋರಿಸ್ಬೇಕು ಅಂತಿದ್ರು."

ಇದನ್ನು ಮಧುಗಿರಿಗೆ ಹೋಗಿ ಹೇಳುವ ಬದಲು ಮನೆಯಲ್ಲೇ ಹೇಳಬಾರದಿತ್ತೇ ಎಂದು ಕಮಲಾಕ್ಷಮ್ಮನಿಗೆ ಅಳು ಬಂತು.

ವಿಮಾನ ಎತ್ತಿದರು. ಹೆಂಗಸರು ಹೊಸಿಲಲ್ಲೇ ನಿಂತರು. ಕಮಲಾಕ್ಷಮ್ಮ ಒಳಗೆ ಹೋಗಿ ಪೊಟ್ಟಣ ಬಿಚ್ಚಿ ಕನ್ನಡಿಯನ್ನು ಬಾಗಿಲ ಎದುರಿನ ಗೂಡಿನಲ್ಲಿ ಆನಿಸಿಟ್ಟರು. ಹತ್ತಿರಕ್ಕೆ ತಮ್ಮದೇ ಮುಖ, ಒದ್ದೆಯಾಗಿ, ಮೊರದಗಲ. ಹಿಂದೆ ಹಿಂದೆ ಸರಿದರು. ಏಳೆಂಟು ಹೆಜ್ಜೆಗೆ ಮುಖ ಕದಡಿ, ತೆರೆದ ಬಾಗಿಲು ತಲೆಕೆಳಗಾಗಿ ಮೂಡಿತು. ಮೇಲೆ ಮಣ್ಣಿನ ಬೀದಿ, ಕೆಳಗೆ ಬಿಸಿಲಿನ ಆಕಾಶ. ನಡುವೆ ವಿಮಾನದಲ್ಲಿ ಕಿರುಬೆರಳಿನಷ್ಟೇ ಆದ ಪರ್ವತಯ್ಯ, ಕೂತ ಭಂಗಿಯಲ್ಲೇ, ತಲೆ ಮುಂದಾಗಿ ಆ ಆಕಾಶದೊಳಕ್ಕೆ ಇಳಿಯುತ್ತಿದ್ದರು.