ಭರಮಮ್ಮನ ಎಡ ಮೂತ್ರಪಿಂಡ

ಅಣ್ಣನಿಗೆ ಮೂತ್ರಪಿಂಡ ಕೊಡುವವಳು ತಾನೇ ಎಂದು ಶೃತಿ ಹಟ ಹಿಡಿದಿದ್ದಳು. ಹಡಗಲಿಯಲ್ಲಿ ಬಿ.ಎಸ್ಸಿ. ಓದುವ ಹುಡುಗಿ, ಅವ್ವ ಭರಮಮ್ಮನ ಮಾತಿಗೆ ಸೊಪ್ಪು ಹಾಕಲಿಲ್ಲ. ಅಪ್ಪ ಉಚ್ಚಂಗೆಪ್ಪನಿಗೆ ಸಕ್ಕರೆ ಕಾಯಿಲೆ, ಅವನದು ನಡೆಯದು. ಅಣ್ಣ ಮೈಲಾರೇಶ ಡಯಾಲಿಸಿಸ್ ಮೇಲೆ ಬದುಕಿದ್ದ. ಸಂಜೆಯಾದರೆ ಅವನಿಗೆ ಕಣ್ಣೂ ಕಾಣುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಅವನು ಚೊಂಬುಗಟ್ಟಲೆ ನೀರು ಕುಡಿದಾಗ, ತಮ್ಮೂರು ಹಿರೇಹಡಗಲಿಯ ಬಿಸಿಲಿಗೆ ಯಾರಿಗೆ ದಾಹವಿಲ್ಲ ಎಂದು ಮನೆಯವರು ನಕ್ಕಿದ್ದರು.

ದಾವಣಗೆರೆಯ ಡಾಕ್ಟರು ಪರೀಕ್ಷೆಯ ನಂತರ ತಾಯಿ ಮಗಳನ್ನು ಕೂರಿಸಿ ಮೆಲ್ಲಗೆ ಹೇಳಿದರು: ಅಣ್ಣನ ದೋಷ ತಂಗಿಯಲ್ಲೂ ಇದೆ, ಅವಳ ಮೂತ್ರಪಿಂಡಗಳೂ ಸೋಲತೊಡಗಿವೆ. ಭರಮಮ್ಮನವು ಗಟ್ಟಿಯಾಗಿವೆ, ಎಡಗಡೆಯದನ್ನು ಕೊಡಬಹುದು.

ಹೊರಗಿನ ಕಲ್ಲುಬೆಂಚಿನ ಮೇಲೆ ಭರಮಮ್ಮ ಕೇಳಿದಳು, "ಏನ ದೋಷ ಅದು?"

"ಜೀವಕೋಶದಾಗ ಸೆಂಟ್ರೋಸೋಮ್ ಅಂತ ಒಂದು ಚುಕ್ಕಿ ಐತಿ, ಅದರ ಒಂದು ಪ್ರೋಟೀನು ಕೆಟ್ಟೈತವ್ವ. ಜೀವಕೋಶಕ್ಕ ಹೊರಗಿನ ಸುದ್ದಿ ತಿಳ್ಯಾಕ ಒಂದು ಸಣ್ಣ ಕೂದಲಿರತೈತಿ. ಅದನ್ನ ನೆಟ್ಟಗ ನಿಲ್ಲಿಸೋದು ಈ ಪ್ರೋಟೀನು. ಒಳಗ ಡಿಎನ್‌ಎ ಹರದ್ರ ಹೊಲಿಯಾಕೂ ಕೈ ಹಚ್ಚತೈತಿ. ಅದ ಕೆಟ್ರ ಮೂತ್ರಪಿಂಡಾನೂ ಸೋಲತೈತಿ, ಕಣ್ಣೂ ಸೋಲತೈತಿ."

"ನನ್ನಿಂದ ಬಂತಾ?"

"ನಿನ್ನಿಂದ ಒಂದ ಪಾಲು, ಅಪ್ಪನಿಂದ ಒಂದ ಪಾಲು. ನೀ ಸೋದರಮಾವನ್ನ ಮದಿವ್ಯಾಗಿಯಲ್ಲ, ಇಬ್ಬರದೂ ಒಂದ ಮನಿ ಬೀಜ."

ಹೆಣ್ಣು ಹೊರಗಿನ ಮನೆಗೆ ಹೋದರೆ ಬಳುವಳಿಯ ಕುರಿಯೂ ಹೋದಂತೆ ಎನ್ನುತ್ತಿದ್ದಳು ಭರಮಮ್ಮನ ಅಜ್ಜಿ. ಆ ಮಾತಿಗೇ ಮದುವೆ ಕುದುರಿತ್ತು.

"ಅಣ್ಣಗ ಕೊಡವ್ವ. ಅವನವು ನಿಂತಾವ. ನನ್ನವು ಇನ್ನೂ ಓಡ್ತಾವ."

"ನಾಳೆ ನಿನ್ನವೂ ನಿಂತ್ರ?"

"ಅಲ್ಲೀಮಟ ಇಟ್ಕೊಂಡು ಉಪ್ಪಿನಕಾಯಿ ಹಾಕ್ತಿಯೇನು?"

ಭರಮಮ್ಮ ನಗಲಿಲ್ಲ. ಮನೆಯ ಹಿಂಡಿನಲ್ಲಿ ಅವಳಿ ಹಾಕಿದ ಕುರಿಗೆ ಹಾಲು ಸಾಲದಿದ್ದರೆ ಅವಳ ಕೈ ಸೊರಗಿದ ಮರಿಯನ್ನೇ ಮೊದಲು ಕೆಚ್ಚಲಿಗೆ ಹಿಡಿಯುತ್ತಿತ್ತು. ಇನ್ನೊಂದನ್ನೂ ಅವಳು ಹಾಗೇ ಬಿಟ್ಟವಳಲ್ಲ. ಮರಿ ಸತ್ತ ಬೇರೆ ಕುರಿಯೊಂದನ್ನು ಹುಡುಕಿ, ಆ ಸತ್ತ ಮರಿಯ ತೊಗಲನ್ನು ಇದಕ್ಕೆ ಹೊದಿಸಿ ಮೊಲೆಗೆ ಬಿಡುತ್ತಿದ್ದಳು. ತನ್ನದೇ ಎಂದು ಮೂಸಿ, ಆ ಕುರಿ ಹಾಲು ಕೊಡುತ್ತಿತ್ತು.

ಅವಳು ಎದ್ದು ಡಾಕ್ಟರ ಕೋಣೆಗೆ ಮರಳಿದಳು. ಶೃತಿ ಹಿಂದೆಯೇ ಬಂದಳು.

"ನಂದು ಮಗನಿಗೆ ಕೊಡ್ತೀನ್ರಿ. ಸತ್ತೋರದೂ ಜೋಡಸ್ತಾರಂತಲ್ರಿ, ಅದರ ಪಟ್ಟ್ಯಾಗ ಈಕಿ ಹೆಸರು ಬರಸ್ರಿ."

"ಈಗಲೇ ಬರೆಯಾಕೆ ಆಗಲ್ಲಮ್ಮ. ಇವಳವು ಇನ್ನೂ ಅಷ್ಟು ಕೆಟ್ಟಿಲ್ಲ. ಕಾಲ ಬಂದಾಗ ನೋಡೋಣ."

"ಹಂಗಾದ್ರ ಕೇಳಾಕ ಬರ್ತಿರ್ತೀನ್ರಿ," ಎಂದು ಭರಮಮ್ಮ ಮಗಳ ಕೈ ಹಿಡಿದು ಅಲ್ಲಿಯೇ ನಿಂತಳು.